ಕಾರವಾರ ಸೀಮೆಗೆ ಹೊಸದಾಗಿ ಬಂದ ಕುಟುಂಬಗಳಿಗೆ: ನೆರೆಹೊರೆಯ ರೀತಿ ರಿವಾಜು

ಕೈಗಾ ಅಣು ವಿದ್ಯುತ್ ಸ್ಥಾವರ, ನೌಕಾನೆಲೆ, ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿ, ಹೀಗೆ ಏನಾದರೊಂದು ಕೆಲಸದ ಮೇಲೆ ಉತ್ತರ ಕನ್ನಡಕ್ಕೆ ಬರುವ ಕುಟುಂಬಗಳು ಹೆಚ್ಚಾಗಿ ಸಾಮಾನು ಇಳಿಸುವುದು ಮೇ-ಜೂನ್ ತಿಂಗಳಲ್ಲಿ. ಗ್ಯಾಸ್ ಕನೆಕ್ಷನ್ ಎಲ್ಲಿ ಸಿಗುತ್ತದೆ, ಮಕ್ಕಳ ದಾಖಲಾತಿಗೆ ಏನು ಕಾಗದ ಬೇಕು ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಪಕ್ಕದ ಮನೆಯವರ ಸಂಗಡ ಹೇಗೆ ಹೊಂದಿಕೊಳ್ಳಬೇಕು ಎನ್ನುವುದನ್ನು ಮಾತ್ರ ಯಾರೂ ಕೂತು ಹೇಳುವುದಿಲ್ಲ. ಆ ಕೆಲಸವನ್ನು ಸಂಘದಿಂದ ಮಾಡೋಣ ಎಂದು ಇದನ್ನು ಬರೆದಿದ್ದೇವೆ.

ಒಂದು ಹಿನ್ನೆಲೆ ತಿಳಿದಿದ್ದರೆ ಮುಂದಿನದು ಸುಲಭ. ಈ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಕಾರವಾರ, ಜೋಯಿಡಾ, ಹಳಿಯಾಳ ಕಡೆಯ ಹಿರಿಯರಲ್ಲಿ ಮರಾಠಿ ಓದಿದವರು ಇದ್ದಾರೆ. ಕಾರವಾರದ ಮನೆಮಾತು ಬಹುಪಾಲು ಕೊಂಕಣಿ. ಅಂಕೋಲಾ ದಾಟಿದರೆ ಹಾಲಕ್ಕಿ ಕನ್ನಡ, ನಾಡವರ ಕನ್ನಡ ಕೇಳಿಸುತ್ತದೆ. ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರದಲ್ಲಿ ಹವ್ಯಕ ಕನ್ನಡ, ಭಟ್ಕಳದಲ್ಲಿ ನವಾಯತಿ, ಮುಂಡಗೋಡದ ಕ್ಯಾಂಪುಗಳಲ್ಲಿ ಟಿಬೆಟನ್. ಇಷ್ಟೂ ಒಂದೇ ಜಿಲ್ಲೆಯೊಳಗೆ.

ಹೆಸರು ನೋಡಿ ಊಹಿಸಬೇಡಿ

ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲಿ. ಶಿರಸಿಯ ಹೆಗಡೆಯವರು ಸಾಮಾನ್ಯವಾಗಿ ಹವ್ಯಕರು, ಸಸ್ಯಾಹಾರಿಗಳು. ಕುಂದಾಪುರ ಕಡೆಯ ಹೆಗ್ಡೆಯವರು ಬಂಟರಿರಬಹುದು, ಅವರ ಊಟ ಬೇರೆ. ಮಂಡ್ಯ, ಹಾಸನದಿಂದ ಬಂದವರಿಗೆ ಗೌಡ ಎಂದರೆ ಒಂದು ಅರ್ಥ. ಅಂಕೋಲೆಯ ಗೌಡರು ಹಾಲಕ್ಕಿ ಒಕ್ಕಲಿಗರು, ಅವರ ಉಡುಗೆ, ಹಾಡು, ಕಟ್ಟುಪಾಡು ಎಲ್ಲ ಬೇರೆ. ನಾಯ್ಕ ಎಂಬ ಅಡ್ಡಹೆಸರು ಕೋಮಾರಪಂತರಲ್ಲಿದೆ, ನಾಮಧಾರಿಗಳಲ್ಲಿದೆ. ನಾಯಕ ಎಂದು ಬರೆದರೆ ಅಂಕೋಲೆಯ ನಾಡವರೂ ಆಗಿರಬಹುದು. ಕಾಮತ್, ಪೈ ಎಂದಾಕ್ಷಣ ಬ್ರಾಹ್ಮಣರು, ಮೀನು ಮುಟ್ಟುವುದಿಲ್ಲ ಎಂದುಕೊಂಡರೆ ತಪ್ಪು. ಗೌಡ ಸಾರಸ್ವತರಲ್ಲಿ ಮೀನು ತಿನ್ನುವ ಮನೆಗಳು ಹೇರಳ. ಸಿದ್ದಿ ಎನ್ನುವುದನ್ನು ಅಡ್ಡಹೆಸರಾಗಿ ಬರೆಯುವವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ.

ಹಾಗಾದರೆ ತಿಳಿಯುವುದು ಹೇಗೆ? ಜಾತಿ ಕೇಳಬೇಡಿ, ಊಟ ಕೇಳಿ. "ನಿಮ್ಮಲ್ಲಿ ಏನು ನಡೀತದೆ, ಏನು ನಡೆಯೋದಿಲ್ಲ?" ಎಂಬ ಒಂದು ಪ್ರಶ್ನೆ ಸಾಕು. ಇದನ್ನು ಕೇಳಿದರೆ ಇಲ್ಲಿ ಯಾರೂ ಬೇಸರಿಸುವುದಿಲ್ಲ, ಬದಲಿಗೆ ಖುಷಿಪಡುತ್ತಾರೆ. ಜಾತಿ ತಿಳಿದರೂ ಊಟ ತಿಳಿದಂತಾಗುವುದಿಲ್ಲ ಎನ್ನುವುದು ಇನ್ನೊಂದು ಕಾರಣ. ಮೀನಿಲ್ಲದೆ ತುತ್ತಿಳಿಯದ ಎಷ್ಟೋ ಮನೆಗಳಲ್ಲಿ ಸೋಮವಾರ ಮೀನಿಲ್ಲ, ಶ್ರಾವಣ ಪೂರ್ತಿ ಇಲ್ಲ, ಮನೆದೇವರ ವಾರ ಬೇರೆಯಿದ್ದರೆ ಆ ದಿನವೂ ಇಲ್ಲ. ನೀವು ಪ್ರೀತಿಯಿಂದ ಬಂಗಡೆ ಹುರಿದು ಸೋಮವಾರ ಕೊಟ್ಟು ಬಂದರೆ ಅವರು ನಗುತ್ತ ಇಸಿದುಕೊಂಡಾರು, ತಿನ್ನಲಾರರು.

ಮಾತು

ಕನ್ನಡದಲ್ಲೇ ಶುರು ಮಾಡಿ. ಮನೆಯಲ್ಲಿ ಕೊಂಕಣಿ ಆಡುವವರೂ ಪೇಟೆಯಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ಸರಾಗವಾಗಿ ಕನ್ನಡ ಆಡುತ್ತಾರೆ. ನಿಮಗೆ ಕನ್ನಡ ಬರುತ್ತದೆಂದು ತಿಳಿದ ಮೇಲೂ ಅವರವರು ಕೊಂಕಣಿಯಲ್ಲಿ ಮಾತಾಡಿಕೊಂಡರೆ ಅದು ನಿಮ್ಮನ್ನು ಹೊರಗಿಡುವುದಕ್ಕಲ್ಲ, ಅದು ಅವರ ಮನೆಮಾತು. "ಇದು ಮರಾಠಿ ಥರ ಇದೆ" ಎಂದು ಮಾತ್ರ ಹೇಳಬೇಡಿ. 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ ಸ್ವತಂತ್ರ ಭಾಷೆ ಅದು. ಇಲ್ಲಿ ಅದನ್ನು ಕನ್ನಡ ಲಿಪಿಯಲ್ಲೂ ಬರೆಯುತ್ತಾರೆ, ನಾಗರಿಯಲ್ಲೂ ಬರೆಯುತ್ತಾರೆ. ಊರೂರಿಗೆ, ಸಮಾಜದಿಂದ ಸಮಾಜಕ್ಕೆ ಬದಲಾಗುವುದರಿಂದ ಪುಸ್ತಕದಲ್ಲಿ ಕಲಿತ ಕೊಂಕಣಿಗಿಂತ ನಿಮ್ಮ ಬೀದಿಯ ಕೊಂಕಣಿ ಕಲಿಯುವುದು ಒಳ್ಳೆಯದು. ಮಕ್ಕಳು ಆಟದ ಬಯಲಲ್ಲಿ ಬೇಗ ಕಲಿತು ಬರುತ್ತಾರೆ, ತಡೆಯಬೇಡಿ. ಹವ್ಯಕ ಕನ್ನಡ, ಹಾಲಕ್ಕಿ ಕನ್ನಡವನ್ನು ಅನುಕರಿಸಿ ನಗಿಸುವುದು ಬೇಡ. ಟಿವಿ ಹಾಸ್ಯದಲ್ಲಿ ಅದನ್ನು ಕೇಳಿ ಕೇಳಿ ಜನ ನೊಂದಿದ್ದಾರೆ.

ಮೀನು ಪೇಟೆ

ಕಾರವಾರದಲ್ಲಿ ನಾಲ್ಕು ಜನರ ಪರಿಚಯ ಬೇಗ ಆಗಬೇಕೆಂದರೆ ಮೀನು ಪೇಟೆಗೆ ಹೋಗಬೇಕು. ಮೀನು ಇಲ್ಲಿ ಕಿಲೋ ಲೆಕ್ಕಕ್ಕಿಂತ ಪಾಲಿನ ಲೆಕ್ಕದಲ್ಲಿ ಹೆಚ್ಚು ಮಾರಾಟವಾಗುತ್ತದೆ. ಬಂಗಡೆ, ತಾರ್ಲೆ (ಬೂತಾಯಿ), ಶೆಟ್ಲಿ (ಸಿಗಡಿ) ಮುಂತಾದವನ್ನು ಗುಂಪು ಗುಂಪಾಗಿ ಇಟ್ಟಿರುತ್ತಾರೆ, ಒಂದು ಗುಂಪಿಗೆ ಒಂದು ದರ. ಇಸವಾಣ, ಪಾಪ್ಲೆಟ್‌ನಂಥ ದೊಡ್ಡ ಮೀನಿಗೆ ತೂಕ ಅಥವಾ ಇಡಿ ಮೀನಿನ ದರ. ದರವನ್ನು ಅರ್ಧಕ್ಕೆ ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಇನ್ನೆರಡು ಹಾಕಿ" ಎಂದು ಕೇಳುವುದು ಇಲ್ಲಿನ ಕ್ರಮ, ಹಾಕುತ್ತಾರೆ. ಮೀನನ್ನು ಒತ್ತಿ ನೋಡುವ ಮೊದಲು ಕೇಳಿ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆರಳಿಂದ ಒತ್ತಿದ ಜಾಗ ಮತ್ತೆ ಮೇಲೇಳಬೇಕು. ಕಿವಿರು ಕಂದಿದ್ದರೆ ಸುಮ್ಮನೆ ಮುಂದೆ ಹೋಗಿ, ಎಲ್ಲರೆದುರು "ಹಳೇದು" ಎನ್ನಬೇಡಿ. ಹೆಚ್ಚಿ ಕೊಡುವುದಕ್ಕೆ ಬೇರೆ ಹಣ, ಅದನ್ನು ಮೊದಲೇ ಕೇಳಿಕೊಳ್ಳಿ. ಬಂಗಡೆ, ತಾರ್ಲೆ ಬಿಸಿಲಲ್ಲಿ ಬಹಳ ಬೇಗ ಕೆಡುತ್ತವೆ. ಹಾಗೆ ಕೆಟ್ಟ ಬಂಗಡೆ ತಿಂದರೆ ಮೈ ಕೆಂಪಾಗಿ ತುರಿಸುತ್ತದೆ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಮುಚ್ಚಳದ ಡಬ್ಬಿ ಒಯ್ದು ನೇರ ಮನೆಗೆ ಬನ್ನಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಒಟ್ಟು 61 ದಿನ. ಅದು ಮೀನು ಮರಿ ಮಾಡುವ ಕಾಲ. ನೀವು ಬರುವುದೂ ಅದೇ ಹೊತ್ತಿಗಾದ್ದರಿಂದ "ಸಮುದ್ರದ ಊರಲ್ಲಿ ಮೀನಿಗೆ ಇಷ್ಟು ದರವೇ" ಎನಿಸಬಹುದು. ಆಗ ಸಿಗುವುದು ಸಣ್ಣ ದೋಣಿಯವರ ಮೀನು, ಹೊಳೆ ಮೀನು ಮತ್ತು ಒಣಮೀನು. ಮೇ ತಿಂಗಳ ಬಿಸಿಲಿನಲ್ಲಿ ಮನೆ ಮನೆಯ ಮುಂದೆ ಮೀನು ಒಣಗುತ್ತಿರುತ್ತದೆ. ಮಳೆಗಾಲದ ಎರಡು ತಿಂಗಳ ಊಟ ಅದು. ವಾಸನೆಗೆ ಮೂಗು ಮುಚ್ಚಿಕೊಂಡು ನಡೆಯುವುದು, ಹೌಸಿಂಗ್ ಸೊಸೈಟಿಗೆ ದೂರು ಕೊಡುವುದು ಮಾಡಬೇಡಿ. ಸಸ್ಯಾಹಾರಿ ಮನೆಯವರಿಗೆ ನಿಜವಾಗಿ ತೊಂದರೆಯಾದರೆ ನೇರವಾಗಿ, ನಯವಾಗಿ ಹೇಳಿ: "ನಮ್ಮ ಕಿಟಕಿ ಕಡೆ ಬೇಡ, ಆ ಬದಿ ಹಾಕ್ತೀರಾ?" ಸರಿಸಿ ಹಾಕುತ್ತಾರೆ. ಶ್ರಾವಣ ಹುಣ್ಣಿಮೆಗೆ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುತ್ತಾರೆ. ಆ ಪೂಜೆಯನ್ನು ದಡದಲ್ಲಿ ನಿಂತು ಯಾರೂ ನೋಡಬಹುದು.

ಬಾಡಿಗೆ ಮನೆ ಹಿಡಿಯುವಾಗಲೂ ಇದೇ ವಿಷಯ. ಮೀನು ಮಾಂಸ ಬೇಯಿಸಬಹುದೇ, ಬಾವಿ ನೀರು ಹಂಚಿಕೊಳ್ಳುವುದು ಹೇಗೆ, ಕಂಪೌಂಡಿನಲ್ಲಿ ಬಿದ್ದ ತೆಂಗಿನಕಾಯಿ ಯಾರದು ಎಂದು ಮುಂಗಡ ಕೊಡುವ ಮುನ್ನವೇ ಮಾತಾಡಿ. ಕಾಯಿ ಮನೆ ಮಾಲೀಕರದು ಎನ್ನುವುದು ಇಲ್ಲಿ ಹೇಳದೆಯೇ ನಡೆಯುವ ನಿಯಮ. ಬಿದ್ದದ್ದನ್ನು ಒಳಗೊಯ್ದು ಚಟ್ನಿ ಮಾಡಿದರೆ ಮನಸ್ತಾಪವಾಗುತ್ತದೆ.

ಕುಚಲಕ್ಕಿ ಮತ್ತು ಕಡಿ

ಕೆಂಪು ಕುಚಲಕ್ಕಿ ಅನ್ನ ತಮಗೆ ಒಗ್ಗದು ಎಂದು ಹೊಸಬರು ಬೇಗ ಕೈಬಿಡುತ್ತಾರೆ. ಅಕ್ಕಿಯದೇನೂ ತಪ್ಪಿಲ್ಲ, ಬೇಯಿಸುವ ಕ್ರಮ ತಪ್ಪಿರುತ್ತದೆ. ಬೆಳ್ತಿಗೆ (ಬಿಳಿ) ಅಕ್ಕಿಯ ಹಾಗೆ ಒಂದಕ್ಕೆ ಎರಡು ನೀರಿಟ್ಟು ಮೂರು ಸೀಟಿ ಕೂಗಿಸಿದರೆ ಹೊರಗೆ ಒಡೆದು ಒಳಗೆ ಗಟ್ಟಿ ಉಳಿಯುತ್ತದೆ. ಭತ್ತವನ್ನು ಸಿಪ್ಪೆಯ ಸಮೇತ ಕುದಿಸಿ ಒಣಗಿಸಿದ ಅಕ್ಕಿ ಇದು, ಮೇಲಿನ ತೌಡಿನ ಪದರವೂ ಉಳಿದಿರುತ್ತದೆ. ನೀರು ಒಳಗಿಳಿಯಲು ಹೊತ್ತು ಬೇಕು.

ಒಂದು ಲೋಟ ಅಕ್ಕಿಯನ್ನು ಮೂರು ನಾಲ್ಕು ಸಲ ತೊಳೆದು ಅರ್ಧ ಗಂಟೆ ನೆನೆಹಾಕಿ. ಅಗಲ ಬಾಯಿಯ ಪಾತ್ರೆಯಲ್ಲಿ ಆರು ಲೋಟ ನೀರು ಕುದಿಸಿ, ಅಕ್ಕಿ ಹಾಕಿ, ಮಧ್ಯಮ ಉರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಒಂದು ಅಗುಳನ್ನು ಎರಡು ಬೆರಳಲ್ಲಿ ಹಿಸುಕಿದಾಗ ನಡುವೆ ಬಿಳಿ ಚುಕ್ಕೆ ಉಳಿಯಬಾರದು. ಆಮೇಲೆ ತಟ್ಟೆ ಮುಚ್ಚಿ ಗಂಜಿ ಬಸಿಯಿರಿ. ಬಸಿದ ತಿಳಿಯನ್ನು ಚೆಲ್ಲಬೇಡಿ, ಉಪ್ಪು ಹಾಕಿ ಕುಡಿಯಿರಿ. ಕುಕ್ಕರ್‌ನಲ್ಲೇ ಮಾಡಬೇಕೆಂದರೆ ಒಂದಕ್ಕೆ ನಾಲ್ಕು ನೀರು, ಸಣ್ಣ ಉರಿಯಲ್ಲಿ ಐದಾರು ಸೀಟಿ, ಒತ್ತಡ ತಾನಾಗಿ ಇಳಿಯುವವರೆಗೆ ಮುಚ್ಚಳ ತೆಗೆಯಬಾರದು. ಬೆಳಗ್ಗೆ ಇದೇ ಅಕ್ಕಿಯ ಗಂಜಿಯನ್ನು ಕೊಂಕಣಿಯವರು ಪೇಜ್ ಎನ್ನುತ್ತಾರೆ. ಉಪ್ಪಿನಕಾಯಿ ಅಥವಾ ಸುಟ್ಟ ಒಣಮೀನು ಇದ್ದರೆ ಆಯಿತು, ತಿಂಡಿಯೂ ಅದೇ.

ಊಟದ ಕೊನೆಗೆ ಕಡಿ. ಒಣ ಕೋಕಂ, ಅಂದರೆ ಘಟ್ಟದ ಮೇಲಿನವರ ಮುರುಗಲು, ಎಂಟು ಹತ್ತು ಸಿಪ್ಪೆಯನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ. ಎರಡೆಸಳು ಬೆಳ್ಳುಳ್ಳಿ, ಒಂದು ಹಸಿಮೆಣಸು, ಉಪ್ಪು ಜಜ್ಜಿ ಸೇರಿಸಿ, ಒಂದು ಲೋಟ ತೆಂಗಿನ ಹಾಲು ಬೆರೆಸಿ. ಕುದಿಸಬಾರದು, ಹುಳಿಗೆ ಹಾಲು ಒಡೆಯುತ್ತದೆ. ಅಲ್ಯುಮಿನಿಯಂ, ಹಿತ್ತಾಳೆ ಪಾತ್ರೆಯಲ್ಲಿ ಇಡಬಾರದು. ಶಿರಸಿ ಕಡೆ ಇದೇ ಹೊತ್ತಿಗೆ ತಂಬುಳಿ ಬರುತ್ತದೆ, ಮಾವಿನ ಕಾಲದಲ್ಲಿ ಅಪ್ಪೆಹುಳಿ. ಅಪ್ಪೆಹುಳಿಯನ್ನು ಸಾರೆಂದು ತಿಳಿದು ಅನ್ನಕ್ಕಷ್ಟೇ ಕಲಸುವವರಿದ್ದಾರೆ. ಅದನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿಯಬೇಕು.

ಒಬ್ಬರ ಮನೆಗೆ ಹೋಗುವಾಗ

ಘಟ್ಟದ ಮೇಲೆ ಹವ್ಯಕರ ಮನೆಗೆ ಹೋದರೆ ಚಪ್ಪಲಿ ಅಂಗಳದಲ್ಲೇ ಬಿಡಿ, ಕಾಲಿಗೆ ನೀರು ಕೊಟ್ಟರೆ ತೊಳೆದು ಜಗುಲಿ ಹತ್ತಿ. ಮೊದಲ ಪ್ರಶ್ನೆ "ಆಸ್ರಿಗೆ ಎಂತ?" ಎಂದಿರುತ್ತದೆ, ಕುಡಿಯಲು ಏನು ಕೊಡಲಿ ಎಂದು. ಬೆಲ್ಲ ನೀರು, ಮಜ್ಜಿಗೆ, ಕೋಕಂ, ಚಹಾ ಯಾವುದಾದರೂ ಒಂದನ್ನು ಹೇಳಿ. "ಏನೂ ಬೇಡ" ಎಂದರೆ ಅವರಿಗೆ ಕಸಿವಿಸಿ. ಆಮೇಲೆ ಕವಳದ ತಟ್ಟೆ ಬರುತ್ತದೆ: ಎಲೆ, ಅಡಿಕೆ, ಸುಣ್ಣ, ತಂಬಾಕು ಬೇರೆ ಬೇರೆ. ತಂಬಾಕು ಮುಟ್ಟಬೇಕಾಗಿಲ್ಲ. ಬೇಡವಾದರೆ ಅಡಿಕೆಯ ಒಂದು ಹೋಳು ತೆಗೆದುಕೊಂಡರೆ ಸಾಕು. ಅಡುಗೆಮನೆ, ದೇವರ ಕೋಣೆಗೆ ಕರೆಯದೆ ಹೋಗಬೇಡಿ. ಪಂಕ್ತಿಯಲ್ಲಿ ಕೂತರೆ ಎಲೆಯ ತುದಿ ಎಡಕ್ಕಿರಲಿ, ಎಲ್ಲರಿಗೂ ಬಡಿಸುವ ತನಕ ಕಾಯಿರಿ, ಎಲ್ಲರ ಊಟ ಮುಗಿಯುವ ಮುನ್ನ ಏಳಬೇಡಿ. ಪಾಯಸ ಎರಡನೇ ಸಲ ಬಂದಾಗ ಬೇಡವಿದ್ದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಬಾಯಿಮಾತಿಗೆ ಬಡಿಸುವವರು ಬಗ್ಗುವುದಿಲ್ಲ.

ಏನು ಒಯ್ಯಬೇಕು? ಹಣ್ಣು. ಎಲ್ಲ ಮನೆಗೂ ಅದು ನಡೆಯುತ್ತದೆ. ಬೇಕರಿ ಕೇಕಿನಲ್ಲಿ ಮೊಟ್ಟೆಯಿರುತ್ತದೆ, ಜೆಲ್ಲಿ ಮಿಠಾಯಿಯಲ್ಲಿ ಜೆಲಟಿನ್ ಇರಬಹುದು. ಮೊದಲನೆಯದು ಕೆಲವು ಹಿಂದೂ ಮನೆಗೆ ಆಗದು, ಎರಡನೆಯದು ಅವರಿಗೂ ಆಗದು, ಮುಸ್ಲಿಂ ಮನೆಗೂ ಆಗದು. ಮಾಂಸದ ಅಡುಗೆ ಒಯ್ಯುವುದಾದರೆ ಮುಸ್ಲಿಂ ಮನೆಗೆ ಹಲಾಲ್ ಅಂಗಡಿಯದೇ ಆಗಬೇಕು, ಎಲ್ಲಿಂದ ತಂದದ್ದೆಂದು ನೀವೇ ಹೇಳಿಬಿಡಿ. ಪಕ್ಕದವರು ಡಬ್ಬಿಯಲ್ಲಿ ಏನಾದರೂ ಕೊಟ್ಟರೆ ಖಾಲಿ ಡಬ್ಬಿ ಹಿಂದಿರುಗಿಸಬೇಡಿ. ನಾಲ್ಕು ಬಾಳೆಹಣ್ಣೋ ಒಂದು ಹಿಡಿ ಸಕ್ಕರೆಯೋ ಹಾಕಿ.

ಒಂದು ವಿಷಯದಲ್ಲಿ ನಮ್ಮ ನಿಲುವು ಗಟ್ಟಿ. ಮನೆಯ ಪದ್ಧತಿ ಬೇರೆ, ಮನುಷ್ಯರನ್ನು ದೂರ ಇಡುವುದು ಬೇರೆ. ಕೆಲಸದವರಿಗೆ ಪ್ರತ್ಯೇಕ ಲೋಟ, ಮಕ್ಕಳ ಗೆಳೆಯರಲ್ಲಿ ಯಾರು ಒಳಗೆ ಬರಬಹುದು ಎಂಬ ಲೆಕ್ಕ, ಇವನ್ನು "ಇಲ್ಲಿಯ ಸಂಪ್ರದಾಯ" ಎಂದು ಯಾರಾದರೂ ನಿಮಗೆ ಕಲಿಸಿದರೆ ಕಲಿಯಬೇಡಿ.

ಹಬ್ಬಗಳು

ಕಾರವಾರದಲ್ಲಿ ದೊಡ್ಡ ಹಬ್ಬ ಚೌತಿ. ಗಣಪತಿಯನ್ನು ಹೆಚ್ಚಾಗಿ ಮೂಲಮನೆಯಲ್ಲಿ ಕೂರಿಸುವುದರಿಂದ ಊರಿನ ಅರ್ಧ ಜನ ತಮ್ಮ ತಮ್ಮ ಹಳ್ಳಿಗೆ ಹೋಗಿರುತ್ತಾರೆ. ಅಂಗಡಿ ಮುಚ್ಚಿರುತ್ತದೆ, ರಿಕ್ಷಾ ಸಿಗುವುದಿಲ್ಲ, ಮನೆಕೆಲಸದವರು ಬರುವುದಿಲ್ಲ. ಹಾಲು, ತರಕಾರಿ ಎರಡು ದಿನ ಮೊದಲೇ ತಂದಿಡಿ. ಹಬ್ಬದ ಹಿಂದಿನ ದಿನದ ಪೇಟೆಯನ್ನು ಮಾತ್ರ ತಪ್ಪಿಸಬೇಡಿ. ಗಣಪತಿಯ ಮೇಲೆ ತೂಗುಹಾಕುವ ಮರದ ಚೌಕಟ್ಟಿಗೆ ಫಲಾವಳಿ ಎನ್ನುತ್ತಾರೆ, ಕೆಲವರು ಮಾಟೋಳಿ ಎನ್ನುತ್ತಾರೆ. ಅದಕ್ಕೆ ಅಡಿಕೆ ಗೊನೆ, ತೆಂಗಿನಕಾಯಿ, ಸೌತೆ, ಹಾಗಲ, ಜೊತೆಗೆ ಕಾಡಿನ ಕಾಯಿ ಹಣ್ಣು ಹೂವು ಕಟ್ಟುತ್ತಾರೆ. ಕಾಡಿಂದ ಅವನ್ನು ತಂದು ಮಾರುವವರು ಸುತ್ತಲ ಹಳ್ಳಿಯ ಹೆಂಗಸರು. ಒಂದೊಂದರ ಹೆಸರು ಕೇಳಿ, ಮಕ್ಕಳಿಗೆ ತೋರಿಸಿ. ಬೇರೆ ದಿನ ಇವು ಪೇಟೆಗೆ ಬರುವುದಿಲ್ಲ.

ಚೌತಿಗೆ ನೆರೆಮನೆಗೆ ಕರೆದರೆ ಸಂಜೆಯ ಆರತಿ ಹೊತ್ತಿಗೆ ಹೋಗಿ. ಹೂವು, ಊದಬತ್ತಿ ಅಥವಾ ಒಂದು ತೆಂಗಿನಕಾಯಿ ಸಾಕು. ಫಲಾವಳಿ ಮುಟ್ಟಬಾರದು. ಪಂಚಕಜ್ಜಾಯವನ್ನು ಬಲಗೈಯಲ್ಲಿ ತೆಗೆದುಕೊಂಡು ಅಲ್ಲೇ ತಿನ್ನಿ. ಕೆಲವರಲ್ಲಿ ಗಣಪತಿ ಒಂದೂವರೆ ದಿನ, ಕೆಲವರಲ್ಲಿ ಐದು, ಏಳು, ಹನ್ನೊಂದು. ಎಷ್ಟು ದಿನ ಎಂದು ಕೇಳಿಕೊಂಡರೆ ವಿಸರ್ಜನೆಗೂ ಹೋಗಬಹುದು.

ಹೋಳಿ ಹೊತ್ತಿಗೆ ಅಂಕೋಲಾ, ಕುಮಟಾ ಕಡೆ ಹಾಲಕ್ಕಿಗಳ ಸುಗ್ಗಿ. ತಲೆಗೆ ಬಣ್ಣದ ತುರಾಯಿ ಕಟ್ಟಿ, ಗುಮಟೆ ಬಾರಿಸಿಕೊಂಡು ಮನೆ ಮನೆಗೆ ಕುಣಿಯಲು ಬರುತ್ತಾರೆ. ಇದು ವ್ರತ ಹಿಡಿದು ಮಾಡುವ ಸೇವೆ, ಮನರಂಜನೆಯ ತಂಡ ಎಂದುಕೊಳ್ಳಬೇಡಿ. ಅಂಗಳ ಗುಡಿಸಿ ಜಾಗ ಬಿಡಿ, ಅಕ್ಕಿ, ಕಾಯಿ, ಕೈಲಾದಷ್ಟು ಕಾಣಿಕೆ ಕೊಡಿ, ನಡುವೆ ನುಗ್ಗಿ ಸೆಲ್ಫಿ ತೆಗೆಯಬೇಡಿ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ, ಒಂಬತ್ತು ದಿನ. ಜಾತ್ರೆ ಮುಗಿದರೆ ಯುಗಾದಿವರೆಗೆ ಗುಡಿಯಲ್ಲಿ ದೇವಿಯ ದರ್ಶನವಿಲ್ಲ, ದೂರದಿಂದ ನೆಂಟರನ್ನು ಕರೆತರುವವರು ಇದನ್ನು ನೆನಪಿಡಿ. ಜಾತ್ರೆಯಿಲ್ಲದ ವರ್ಷ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷ. ಬೆನ್ನಿಗೆ ನವಿಲುಗರಿ ಕಟ್ಟಿದ ಬೇಡ ಕತ್ತಿ ಗುರಾಣಿ ಹಿಡಿದು ಜನರ ಮೇಲೆ ಏರಿ ಬರುತ್ತಾನೆ, ಹಗ್ಗ ಹಿಡಿದವರು ತಡೆಯುತ್ತಾರೆ. ಸಣ್ಣ ಮಕ್ಕಳನ್ನು ಎದುರು ಸಾಲಿನಲ್ಲಿ ನಿಲ್ಲಿಸಿದರೆ ಹೆದರಿ ಜ್ವರ ಬರಿಸಿಕೊಳ್ಳುತ್ತಾರೆ. ಪಕ್ಕದ ಕಟ್ಟೆಯೋ ಮಹಡಿಯೋ ಒಳ್ಳೆಯದು.

ಜನವರಿ ಸುಮಾರಿಗೆ ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ, ದೋಣಿಯಲ್ಲೇ ಹೋಗಬೇಕು. 2019ರ ಜಾತ್ರೆಯಲ್ಲಿ ದೋಣಿ ಮಗುಚಿ ಹಲವರು ಜೀವ ಕಳೆದುಕೊಂಡರು. ಲೈಫ್ ಜಾಕೆಟ್ ಇಲ್ಲದ ದೋಣಿಗೆ, ಜನ ತುಂಬಿದ ದೋಣಿಗೆ ಹತ್ತಬೇಡಿ, ಯಾರು ಎಷ್ಟು ಒತ್ತಾಯಿಸಿದರೂ.

ರಂಜಾನ್‌ನಲ್ಲಿ ನೆರೆಯವರನ್ನು ಮಧ್ಯಾಹ್ನದ ಊಟಕ್ಕೆ ಕರೆಯಬೇಡಿ, ಸಂಜೆಗೆ ಕರೆಯಿರಿ. ಇಫ್ತಾರಿಗೆ ನಿಮ್ಮನ್ನು ಕರೆದರೆ ಸೂರ್ಯಾಸ್ತಕ್ಕೆ ಹತ್ತು ನಿಮಿಷ ಮೊದಲು ಅಲ್ಲಿರಿ, ತಡವಾದರೆ ದಿನವಿಡೀ ಉಪವಾಸವಿದ್ದವರು ನಿಮಗಾಗಿ ಮುಜುಗರಪಡುತ್ತಾರೆ. ಭಟ್ಕಳಕ್ಕೆ ಖರೀದಿಗೆ ಹೋಗುವವರು ಶುಕ್ರವಾರ ಮಧ್ಯಾಹ್ನ ಬಿಟ್ಟು ಹೋಗಿ. ಕ್ರೈಸ್ತರಿಗೆ ಗುಡ್ ಫ್ರೈಡೆ ಶೋಕದ ದಿನ, ಅಂದು ಶುಭಾಶಯ ಹೇಳಬಾರದು, ಈಸ್ಟರ್‌ಗೆ ಹೇಳಬೇಕು. ಕ್ರಿಸ್ಮಸ್‌ಗೆ ಬರುವ ಕುಸ್ವಾರ್ ತಟ್ಟೆಯಲ್ಲಿ ಕೆಲವು ತಿಂಡಿಗೆ ಮೊಟ್ಟೆ ಇರುತ್ತದೆ, ಕೆಲವಕ್ಕಿಲ್ಲ. ಕೇಳಿದರೆ ಆರಿಸಿ ಕೊಡುತ್ತಾರೆ.

ಯಕ್ಷಗಾನದ ತಿರುಗಾಟ ನವೆಂಬರ್‌ನಿಂದ ಮೇವರೆಗೆ. 1934ರಲ್ಲಿ ಶುರುವಾದ ಕೆರೆಮನೆಯ ಇಡಗುಂಜಿ ಮೇಳದ ಊರು ಗುಣವಂತೆ, ಹೊನ್ನಾವರದ ಹತ್ತಿರ. ಅಂದಿನ ಪ್ರಸಂಗದ ಕತೆಯನ್ನು ಮೊದಲೇ ಯಾರಿಂದಲಾದರೂ ಕೇಳಿಕೊಂಡು ಹೋಗಿ, ಆಗ ಮಾತುಗಾರಿಕೆಯ ಸೊಗಸು ಕೈಗೆ ಸಿಗುತ್ತದೆ.

ಗುಡಿ, ದರ್ಗಾ, ಮಠ

ಗೋಕರ್ಣದ ಮಹಾಬಲೇಶ್ವರನ ಗುಡಿಗೆ ಗಂಡಸರು ಅಂಗಿ ತೆಗೆದು ಪಂಚೆಯುಟ್ಟು ಹೋಗಬೇಕು, ಒಂದು ಪಂಚೆ ಚೀಲದಲ್ಲಿರಲಿ. ಸದಾಶಿವಗಡದಲ್ಲಿ ದುರ್ಗಾದೇವಿ ಗುಡಿಯೂ ಇದೆ, ದರ್ಗಾವೂ ಇದೆ. ಒಂದೇ ಸಂಜೆ ಎರಡಕ್ಕೂ ಹೋಗಿಬರಬಹುದು. ದರ್ಗಾದಲ್ಲಿ ತಲೆಗೆ ಕರವಸ್ತ್ರ ಬೇಕು. ಮುಂಡಗೋಡದ ಬೌದ್ಧ ಮಠಗಳಲ್ಲಿ ಟೊಪ್ಪಿ, ಚಪ್ಪಲಿ ತೆಗೆಯಿರಿ, ಪ್ರದಕ್ಷಿಣೆ ಬಲಕ್ಕೆ, ಬಿಳಿ ಖಾತಾ (ಗೌರವದ ಶಾಲು) ಹಾಕಲು ಬಂದರೆ ತಲೆ ಬಾಗಿಸಿ. ಅಲ್ಲಿ ಟಿಬೆಟನ್ನರು ನೆಲೆಸಿದ್ದು 1966ರಲ್ಲಿ. ಈಗಿನ ಯುವಕರು ಇಲ್ಲೇ ಹುಟ್ಟಿದವರು, ಅವರಲ್ಲಿ ಕನ್ನಡ ಬಲ್ಲವರೂ ಇದ್ದಾರೆ.

ಫೋಟೊ ಮತ್ತು ಕುತೂಹಲ

ಅಂಕೋಲಾ ಪೇಟೆಯಲ್ಲಿ ಸೊಪ್ಪು, ಮಾವು ಮಾರುವ ಹಾಲಕ್ಕಿ ಅಜ್ಜಿಯರ ಕೊರಳ ಮಣಿಸರ, ಸೀರೆ ಕಟ್ಟುವ ರೀತಿ ಕಂಡು ಮೊಬೈಲ್ ಎತ್ತುವವರು ಬಹಳ. ಮೊದಲು ಏನಾದರೂ ಕೊಳ್ಳಿ, ಮಾತಾಡಿ, ಆಮೇಲೆ ಕೇಳಿ. ಬೇಡವೆಂದರೆ ಬೇಡ. ಪದ್ಮಶ್ರೀ ಪಡೆದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಗಿಡ ಬೆಳೆಸಿದ ತುಳಸಿ ಗೌಡ ಇಬ್ಬರೂ ಇದೇ ಸಮಾಜದವರು, ಇದೇ ಅಂಕೋಲಾ ತಾಲ್ಲೂಕಿನವರು. ಮಕ್ಕಳಿಗೆ ಮೊದಲು ಅವರ ಕೆಲಸದ ಬಗ್ಗೆ ಹೇಳಿ.

ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳನ್ನು "ಯಾವ ದೇಶ?" ಎಂದು ಕೇಳುವುದು, ಕೂದಲು ಮುಟ್ಟುವುದು ಈಗಲೂ ನಡೆಯುತ್ತಿದೆ. ಇದು ಅವಮಾನ. ಆಫ್ರಿಕಾ ಮೂಲದ ಅವರ ಹಿರಿಯರು ಈ ಕಾಡಿಗೆ ಬಂದು ಶತಮಾನಗಳಾದವು. ಅವರು ಇಲ್ಲಿಯವರೇ, ನಮ್ಮ ನಿಮ್ಮ ಹಾಗೆ ಕನ್ನಡಿಗರು. ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸಿದ್ದಿ ಹೆಂಗಸರು ಹಳೆಬಟ್ಟೆಯಲ್ಲಿ ಕೈಯಿಂದ ಹೊಲಿಯುವ ಕೌದಿ ಬೇಕಿದ್ದರೆ ಅವರಿಂದಲೇ ಕೊಳ್ಳಿ, ಅವರು ಹೇಳಿದ ದರ ಕೊಡಿ. ಒಂದು ಕೌದಿಯ ಹಿಂದೆ ವಾರಗಟ್ಟಲೆ ಹೊಲಿಗೆ ಇರುತ್ತದೆ.

ನೌಕಾನೆಲೆ, ಕಾಳಿ ಅಣೆಕಟ್ಟುಗಳಿಗೆ ಮನೆ ಜಮೀನು ಬಿಟ್ಟುಕೊಟ್ಟವರು ಸಾವಿರಾರು. ನಿರಾಶ್ರಿತರ ಕಾಲೊನಿಯ ಪಕ್ಕದಲ್ಲೇ ನಿಮ್ಮ ಕ್ವಾರ್ಟರ್ಸ್ ಇರಬಹುದು. ಪರಿಹಾರದ ಮಾತು ಬಂದಾಗ ಕಾನೂನು ಹೇಳಲು ಹೋಗಬೇಡಿ, ಕೇಳಿಸಿಕೊಳ್ಳಿ. ಅವರ ಊರ ದೇವರ ವರ್ಧಂತಿಗೆ ಕರೆ ಬಂದರೆ ಹೋಗಿ.

ಸಾವಿನ ಮನೆ

ಬೀದಿಯಲ್ಲಿ ಸಾವಾದರೆ ಟಿವಿ, ಹಾಡು ನಿಲ್ಲಿಸಿ. ಹುಟ್ಟುಹಬ್ಬವಿದ್ದರೆ ಮುಂದೆ ಹಾಕಿ. ಮುಸ್ಲಿಮರಲ್ಲಿ ದಫನ್ ಬೇಗ, ಹೆಚ್ಚಾಗಿ ಅದೇ ದಿನ. ಸಂಜೆ ಹೋಗೋಣ ಎಂದು ಕಾದರೆ ತಪ್ಪಿಹೋಗುತ್ತದೆ. ಕ್ರೈಸ್ತರಲ್ಲಿ ಇಗರ್ಜಿಯ ಪೂಜೆಯ ಹೊತ್ತು ಕೇಳಿಕೊಂಡು ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರೂ ಎದ್ದಾಗ ಏಳಿ. ಹಿಂದೂ ಮನೆಗಳಲ್ಲಿ ಸೂತಕದ ದಿನಗಳಲ್ಲಿ ಅವರು ನಿಮ್ಮ ಮನೆಗೆ ಬಾರದಿದ್ದರೆ, ಪ್ರಸಾದ ತೆಗೆದುಕೊಳ್ಳದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸಾವಾದ ದಿನ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮಕ್ಕಳಿಗೆ ಗಂಜಿಯೋ ಚಹಾವೋ ಬೇಕಾಗುತ್ತದೆ, ಅಲ್ಲಿಯ ಒಬ್ಬ ಹಿರಿಯರನ್ನು ಕೇಳಿ ಒಯ್ಯಿರಿ. ಹೊರಡುವಾಗ "ಬರ್ತೇನೆ" ಎನ್ನದೆ ಸುಮ್ಮನೆ ಏಳಬೇಕು. ಹನ್ನೆರಡು ಹದಿಮೂರನೇ ದಿನದ ಊಟಕ್ಕೆ ಕರೆ ಹೆಚ್ಚಾಗಿ ಬಾಯಿಮಾತಿನಲ್ಲೇ ಬರುತ್ತದೆ, ಕಾರ್ಡಿಗೆ ಕಾಯಬೇಡಿ. ಉಡುಗೊರೆ ಒಯ್ಯಬೇಡಿ, ಕೂತು ಊಟ ಮಾಡಿ ಬನ್ನಿ.